ಮಾರುತನ ಪರೀಕ್ಷೆಗಳು

ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ನಿವೃತ್ತರದೇ ಬಹುಮತ. ಬ್ಯಾಂಕಿನವರು, ರೈಲ್ವೆಯವರು, ಬೆಂಗಳೂರಿನ ದೊಡ್ಡ ಕಾರ್ಖಾನೆಗಳಲ್ಲಿ ಆಯುಷ್ಯದ ಅರ್ಧಭಾಗ ಸವೆಸಿ, ಕೊನೆಗಾಲಕ್ಕೆ ಒಂದಿಷ್ಟು ನೆರಳು ಹುಡುಕಿಕೊಂಡು ಮೈಸೂರಿಗೆ ಬಂದವರು. ನಮ್ಮ ಎದುರು ಮನೆಯ ಹಿರಿಯರು ಈ ಕೊನೆಯ ಪಂಗಡಕ್ಕೆ ಸೇರಿದವರು; ಎಂಬತ್ತು ದಾಟಿದ್ದಾರೆ, ವಿಮಾನದ ಕಾರ್ಖಾನೆಯಲ್ಲಿ ದುಡಿದವರು. ಒಂದು ಸಂಜೆ ನಾನು ಜಗಲಿಯ ಮೇಲೆ ಕುಳಿತು ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಅವರು ವಾಯುಸೇವನೆ ಮುಗಿಸಿ ಬರುತ್ತಿದ್ದವರು ನಮ್ಮ ಗೇಟಿನ ಬಳಿ ನಿಂತು, "ಏನು ಮೇಷ್ಟ್ರೇ, ನಿಮ್ಮ ಪದ್ಧತಿಯೇ ತಲೆಕೆಳಗು. ಪಾಠವೆಲ್ಲ ಮುಗಿದ ಮೇಲೆ ಪರೀಕ್ಷೆ ಮಾಡ್ತೀರಿ. ಹುಡುಗ ನಪಾಸಾದರೆ ಆಮೇಲೆ ಯಾರು ಏನು ಮಾಡೋಕಾಗತ್ತೆ? ನಮ್ಮಲ್ಲಿ ಸಾಮಾನು ಹುಟ್ಟೋದಕ್ಕೆ ಮುಂಚೆಯೇ ಪರೀಕ್ಷೆ" ಎಂದರು.

"ಹುಟ್ಟದೇ ಇರುವುದನ್ನು ಪರೀಕ್ಷಿಸುವುದು ಹೇಗೆ ಸ್ವಾಮಿ?" ಎಂದು ಕೇಳಿದೆ.

"ಮರದಲ್ಲಿ ಮಾಡಿ ಹಾರಿಸೋದು" ಎಂದು ಹೇಳಿ, ಮುಂದೆ ವಿವರಿಸದೆ ತಮ್ಮ ಮನೆಗೆ ನಡೆದುಬಿಟ್ಟರು.

ವಿಮಾನದ ವಿಷಯದಲ್ಲಿ ನನ್ನ ತಿಳಿವಳಿಕೆ ರಾಮಾಯಣದ ಪುಷ್ಪಕದಿಂದ ಆಚೆಗೆ ಹೋದದ್ದಲ್ಲ. ಮಂಡಕಳ್ಳಿಯ ನಿಲ್ದಾಣದಿಂದ ಮೇಲೆದ್ದ ವಿಮಾನ ಕಂಡರೆ ಎಲ್ಲರ ಹಾಗೆ ತಲೆಯೆತ್ತಿ ನೋಡುತ್ತೇನೆ, ಅಷ್ಟೆ. ಆದರೆ ಆ ಮರದ ವಿಮಾನದ ಮಾತು ತಲೆಯನ್ನು ಹೊಕ್ಕಿತು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎದುರು ಮನೆಯವರನ್ನು ಬಿಡದೆ ಪೀಡಿಸಿದೆ. ನನಗೆ ದಕ್ಕಿದ್ದು ಎಚ್.ಎಫ್.-24 ಎಂಬ ಒಣ ಹೆಸರಿನ, 'ಮಾರುತ್' ಎಂಬ ಸೊಗಸಾದ ಹೆಸರಿನ ಒಂದು ಯುದ್ಧವಿಮಾನದ ಕಥೆ. ಭಾರತದಲ್ಲಿ ರೂಪುಗೊಂಡು ಭಾರತದಲ್ಲೇ ಹುಟ್ಟಿದ ಮೊದಲ ಜೆಟ್ ಯುದ್ಧವಿಮಾನ ಅದು.

ಈ ಕಥೆಯಲ್ಲಿ ಮೈಸೂರಿಗೂ ಒಂದು ಪಾಲುಂಟು. ಉದ್ಯಮಿ ವಾಲಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಕಟ್ಟಿದಾಗ ಮೈಸೂರು ಸರ್ಕಾರ ಅದರಲ್ಲಿ ಬಂಡವಾಳ ಹೂಡಿತು; ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಜಾಗಕ್ಕೆ ಏರ್ಪಾಟು ಮಾಡಿಕೊಟ್ಟರು. ಯುದ್ಧದ ಕಾಲವೆಲ್ಲ ಪರರ ವಿಮಾನಗಳ ದುರಸ್ತಿಯಲ್ಲೇ ಕಳೆಯಿತು. ಸ್ವಾತಂತ್ರ್ಯ ಬಂದ ಮೇಲೆ ಡಾ. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ಸ್ವಂತ ವಿನ್ಯಾಸದ ಕೆಲಸ ಶುರುವಾಗಿ, 1951ರಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನ ಹಾರಿತು. ಮುಂದೆ ಪುಷ್ಪಕ್, ಕೃಷಕ್, ಕಿರಣ್ ಎಂದು ಒಂದೊಂದಾಗಿ ಬಂದವು. ನಾಮಕರಣದಲ್ಲಿ ಮಾತ್ರ ನಮ್ಮವರು ಯಾವ ದೇಶಕ್ಕೂ ಹಿಂದೆ ಬಿದ್ದವರಲ್ಲ.

ಐವತ್ತರ ದಶಕದ ನಡುವಿನಲ್ಲಿ ವಾಯುಪಡೆ ಕಾರ್ಖಾನೆಯ ಮುಂದೆ ಒಂದು ಬೇಡಿಕೆಯಿಟ್ಟಿತು: ಶಬ್ದದ ಎರಡರಷ್ಟು ವೇಗದಲ್ಲಿ ಹಾರಬೇಕು, 60,000 ಅಡಿ ಏರಬೇಕು, 500 ಮೈಲು ದೂರ ಹೋಗಿ ಕಾದಾಡಿ ಹಿಂತಿರುಗಬೇಕು. ಮೂಗಿಗೆ ಪಂಖ ಕಟ್ಟಿದ ತರಬೇತಿ ವಿಮಾನ ಮಾಡಿದವರಿಗೆ ಇದು ಅಕ್ಷರಾಭ್ಯಾಸ ಮುಗಿದ ಮರುದಿನವೇ ಮಹಾಪ್ರಬಂಧ ಬರೆಯೆಂದ ಹಾಗಿತ್ತು. ಇದಕ್ಕಾಗಿ 1956ರಲ್ಲಿ ಬಂದವರು ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ಫೋಕೆ ವುಲ್ಫ್ 190 ವಿಮಾನ ಇವರ ಕೈಯದು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಕ್ಕೆ ಹೋಗಿ ಅಲ್ಲೊಂದು ಜೆಟ್ ವಿಮಾನ ರೂಪಿಸಿ, ಅಲ್ಲಿ ಋಣ ತೀರಿದ ಬಳಿಕ ತಮ್ಮ ಸಂಗಡಿಗರಾದ ಕೆಲವು ಜರ್ಮನ್ ಎಂಜಿನಿಯರುಗಳೊಡನೆ ಬೆಂಗಳೂರಿಗೆ ಬಂದರು. ಇಲ್ಲಿ ಅವರಿಗೆ ಸಿಕ್ಕ ಅನುಭವಸ್ಥ ವಿನ್ಯಾಸಕಾರರು ಬೆರಳೆಣಿಕೆಯಷ್ಟು. ಮೂಲಮಾದರಿ ಕಟ್ಟಲು ಬೇಕಾದ ಸಲಕರಣೆಯಿರಲಿ, ಅದಕ್ಕೆ ತಕ್ಕ ಸೂರೂ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಪರೀಕ್ಷೆಯದು. ವಿಮಾನದ ಆಕಾರ ಸರಿಯೇ ತಪ್ಪೇ ಎಂದು ತಿಳಿಯಲು ಪಂಡಿತರು ಬಳಸುವ ಮೊದಲ ಸಾಧನ ಗಾಳಿ ಸುರಂಗ. ಅಲ್ಲಿ ವಿಮಾನ ನಿಂತಿರುತ್ತದೆ, ಗಾಳಿ ಓಡುತ್ತದೆ. ಲೋಹದಲ್ಲೋ ಮರದಲ್ಲೋ ಮಾಡಿದ ಪುಟ್ಟ ಮಾದರಿಯನ್ನು ಸೂಕ್ಷ್ಮವಾದ ತಕ್ಕಡಿಯ ಮೇಲೆ ನಿಲ್ಲಿಸಿ, ಎದುರಿನಿಂದ ಗಾಳಿ ಬಿಟ್ಟು, ಆ ಗಾಳಿ ಅದನ್ನು ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆಳೆಯುತ್ತದೆ, ಯಾವ ಕೋನದಲ್ಲಿ ಮುಗ್ಗರಿಸುತ್ತದೆ ಎಂದು ಅಳೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಸುರಂಗಗಳಿದ್ದವು. ಸತೀಶ್ ಧವನರು ಶಬ್ದವೇಗವನ್ನು ಮೀರಿದ ಗಾಳಿಯ ಒಂದು ಸುರಂಗವನ್ನೂ ಅಲ್ಲಿ ಕಟ್ಟಿದ್ದರು. ಆದರೆ ಅದರ ಬಾಯಿ ಒಂದಂಗುಲಕ್ಕೆ ಮೂರಂಗುಲ! ವಿದ್ಯಾರ್ಥಿಗಳ ಪಾಠಕ್ಕೆ ಅದು ಉತ್ತಮ; ಯುದ್ಧವಿಮಾನದ ಮಾದರಿ ಅದರಲ್ಲಿ ಹಿಡಿಸಲಾರದು. ಇಂಥ ಕೆಲಸಕ್ಕೆ ತಕ್ಕ, ನಾಲ್ಕಡಿ ಅಗಲದ ದೊಡ್ಡ ಸುರಂಗ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1967ರಲ್ಲಿ. ಆ ಪ್ರಯೋಗಾಲಯ ಬೆಂಗಳೂರಿಗೆ ಬಂದ ಹೊಸದರಲ್ಲಿ ನೆಲೆ ನಿಂತದ್ದು ಜಯಮಹಲ್ ಅರಮನೆಯ ಕುದುರೆ ಲಾಯದಲ್ಲಿ ಎಂಬ ಸಂಗತಿ ನನಗಂತೂ ಬಹಳ ಹಿಡಿಸಿತು. ಮಹಾರಾಜರ ಅಶ್ವಗಳು ಖಾಲಿ ಮಾಡಿದ ಜಾಗಕ್ಕೆ ವಾಯುವೇಗವನ್ನೇ ಅಳೆಯುವವರು ಬಂದರು.

ಸುರಂಗವಿಲ್ಲದಿದ್ದರೆ ಏನಾಯಿತು, ಆಕಾಶವೇ ಉಂಟಲ್ಲ ಎಂದರು ಟ್ಯಾಂಕ್. ಕಟ್ಟಬೇಕೆಂದಿರುವ ವಿಮಾನದ ಉದ್ದಗಲಕ್ಕೆ ಸರಿಯಾಗಿ, ರೆಕ್ಕೆಯ ಬಾಗನ್ನೂ ಚುಕ್ಕಾಣಿಗಳನ್ನೂ ಮಡಿಸುವ ಗಾಲಿಗಳನ್ನೂ ಒಳಗೊಂಡು, ಇಬ್ಬರು ಕೂರುವಂತೆ ಮರದಲ್ಲಿ ಒಂದು ಪೂರ್ಣಾಕೃತಿ ಕಟ್ಟಿದರು. ಎಂಜಿನ್ ಒಂದಿಲ್ಲ, ಉಳಿದದ್ದೆಲ್ಲ ಇದೆ. ಇದಕ್ಕೆ ಎಕ್ಸ್-241 ಎಂದು ಹೆಸರು. 1959ರ ಏಪ್ರಿಲಿನಲ್ಲಿ ಡಕೋಟಾ ವಿಮಾನ ಈ ಮರದ ಹಕ್ಕಿಯನ್ನು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದು ಬಿಟ್ಟಿತು. ಅದು ತೇಲುತ್ತ ಕೆಳಗಿಳಿಯಿತು. ಆ ಇಳಿಯುವಷ್ಟು ಹೊತ್ತೇ ಪರೀಕ್ಷೆಯ ಅವಧಿ. ಬಲಕ್ಕೆ ತಿರುಗಿಸಿದರೆ ತಿರುಗುತ್ತದೆಯೇ? ವೇಗ ಕುಂದಿಸುತ್ತ ಹೋದರೆ ಯಾವ ಘಟ್ಟದಲ್ಲಿ ರೆಕ್ಕೆ ಗಾಳಿಯ ಹಿಡಿತ ಬಿಡುತ್ತದೆ? ಬಿಟ್ಟಾಗ ಮೂಗು ಕೆಳಗಾಗುತ್ತದೆಯೇ, ಮಗ್ಗುಲಾಗುತ್ತದೆಯೇ? ಹಿಮ್ಮುಖವಾಗಿ ಬಾಗಿದ ರೆಕ್ಕೆಯ ವಿಮಾನವನ್ನು ನೆಲಕ್ಕೆ ಮುಟ್ಟಿಸುವ ವೇಗವೆಷ್ಟು? ಹೀಗೆ ಎಪ್ಪತ್ತಕ್ಕೂ ಹೆಚ್ಚು ಸಲ ಅದು ಏರಿತು, ಇಳಿಯಿತು. ಒಂದು ಹಾರಾಟಕ್ಕೆ ಒಂದೆರಡೇ ಪ್ರಶ್ನೆ. ಉತ್ತರ ಸರಿಯಿಲ್ಲದಿದ್ದರೆ ನಕ್ಷೆಯಲ್ಲಿ ಗೆರೆ ಅಳಿಸಿ ಬೇರೆ ಗೆರೆ ಎಳೆದರಾಯಿತು. ಲೋಹ ಕತ್ತರಿಸಿದ ಮೇಲೆ ಹಾಗೆ ಅಳಿಸುವಂತಿಲ್ಲ.

ಎದುರು ಮನೆಯವರ ಮಾತು ನನಗೆ ಆಗ ಅರ್ಥವಾಯಿತು. ನಮ್ಮ ಪರೀಕ್ಷೆ ತೀರ್ಪು, ಅವರದು ವಿಚಾರಣೆ.

ಇಲ್ಲೊಂದು ಉಪಕಥೆಯನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದು ನಮ್ಮ ಊರಿನದು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ವೆಂಬ ಸಂಸ್ಕೃತ ಗ್ರಂಥವನ್ನು ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಚಿತ್ರಗಳೂ ಅದರಲ್ಲಿದ್ದವು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಗೇಲಿ ಮಾಡದೆ, ಹಾಗೆಂದು ತಲೆಯ ಮೇಲೂ ಹೊತ್ತುಕೊಳ್ಳದೆ, ಒಂದು ವಿನ್ಯಾಸವನ್ನು ನೋಡಬೇಕಾದ ಕ್ರಮದಲ್ಲಿ ನೋಡಿದರು. ಭಾರವೆಷ್ಟು, ಎತ್ತುವ ಬಲ ಎಲ್ಲಿಂದ, ನೂಕುವ ಬಲ ಎಲ್ಲಿಂದ, ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುವುದು ಹೇಗೆ ಎಂದು ಕೇಳಿ, ಇವು ಹಾರಲಾರವು, ಗ್ರಂಥವೂ ಇಪ್ಪತ್ತನೆಯ ಶತಮಾನದ ಮೊದಲ ಭಾಗದ್ದೇ ಹೊರತು ಪ್ರಾಚೀನವಲ್ಲ ಎಂದು ತೋರಿಸಿಕೊಟ್ಟರು. ಕಟ್ಟಿ ಹಾರಿಸಿ ಬೀಳಿಸುವ ಅಗತ್ಯವೇ ಬೀಳಲಿಲ್ಲ. ಮೈಸೂರಿನ ಸಾಹಿತ್ಯಗೋಷ್ಠಿಗಳಲ್ಲಿ ಆ ಗ್ರಂಥದ ಹೆಸರು ಇಂದಿಗೂ ಕೇಳಿಬರುತ್ತದೆ. ಆ ಐವರ ಲೇಖನದ ಸುದ್ದಿ ಎತ್ತುವವರು ಕಡಿಮೆ. ಸಾಹಿತ್ಯದವನಾಗಿ ಹೇಳುತ್ತೇನೆ, ಆ ಲೇಖನ ವಿಮರ್ಶೆಯ ಒಳ್ಳೆಯ ಮಾದರಿ.

ಮತ್ತೆ ಮಾರುತನ ವಿಷಯ. ಮರದ ವಿಮಾನ ಹೇಳಿಕೊಟ್ಟದ್ದನ್ನು ಲೋಹಕ್ಕೆ ಇಳಿಸಿದರು. ಮೂರು ತಿಂಗಳ ಕಾಲ ನೆಲದ ಮೇಲಿನ ಪರೀಕ್ಷೆಗಳಾದ ಬಳಿಕ, 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೊದಲ ಮೂಲಮಾದರಿಯನ್ನು ಬೆಂಗಳೂರಿನ ಬಾನಿಗೇರಿಸಿದರು. ಒಂದು ವಾರದ ಮೇಲೆ, ರಕ್ಷಣಾಮಂತ್ರಿ ಕೃಷ್ಣ ಮೆನನ್ನರ ಎದುರಿನಲ್ಲಿ ಅದು ಬಹಿರಂಗವಾಗಿ ಹಾರಿತು. ಟ್ಯಾಂಕರು ಬಂದು ಐದು ವರ್ಷವೂ ತುಂಬಿರಲಿಲ್ಲ. ಸುಂದರವಾದ ವಿಮಾನ, ನೀಳವಾದ ಮೂಗು, ರೆಕ್ಕೆ ಕೂಡುವಲ್ಲಿ ಸಣ್ಣನಾದ ನಡು. ಆ ನಡು ಸೊಗಸಿಗಾಗಿ ಮಾಡಿದ್ದಲ್ಲ, ಶಬ್ದವೇಗದ ಹತ್ತಿರ ಗಾಳಿಯ ಅಡ್ಡಿ ಕಡಮೆ ಮಾಡಲೆಂದು ಮಾಡಿದ್ದು. ಹಾರಿಸಿದವರೆಲ್ಲ ಅದರ ನಡೆಯನ್ನು ಮೆಚ್ಚಿದರು. ಹೇಳಿದ ಮಾತು ಕೇಳುವ ಕುದುರೆಯಂಥ ವಿಮಾನವೆಂದು ಹೆಸರಾಯಿತು. ಮರದ ಪರೀಕ್ಷೆ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಕೊರತೆ ಎಲ್ಲಿ? ಮರದ ವಿಮಾನದಲ್ಲಿ ಏನಿರಲಿಲ್ಲವೋ ಅಲ್ಲಿ.

ವಿನ್ಯಾಸಕಾರರು ನಕ್ಷೆ ಬರೆಯುವಾಗ ಮನಸ್ಸಿನಲ್ಲಿಟ್ಟುಕೊಂಡದ್ದು ಇಂಗ್ಲೆಂಡಿನ ಬ್ರಿಸ್ಟಲ್ ಕಂಪೆನಿಯ ಆರ್ಫಿಯಸ್ 12 ಎಂಬ ಎಂಜಿನ್. ಅದಕ್ಕೆ ಮರುದಹನದ ಸೌಕರ್ಯವುಂಟು. ಅಂದರೆ ಎಂಜಿನ್ನಿನಿಂದ ಹೊರಬೀಳುವ ಬಿಸಿಗಾಳಿಗೆ ಬಾಲದ ಕೊಳವೆಯಲ್ಲೇ ಮತ್ತಷ್ಟು ಇಂಧನ ಸುರಿದು ಉರಿಸಿ, ಹೆಚ್ಚಿನ ನೂಕುಬಲ ಪಡೆಯುವುದು. ಹೀಗೆ 8,170 ಪೌಂಡು ನೂಕುಬಲ ಬರುವ ಲೆಕ್ಕ. ಆದರೆ ಆ ಎಂಜಿನ್ನೂ ಇನ್ನೂ ಬೆಳವಣಿಗೆಯ ಹಂತದಲ್ಲೇ ಇತ್ತು. ಯುರೋಪಿನಲ್ಲಿ ಅದಕ್ಕೆ ಗಿರಾಕಿ ತಪ್ಪಿದೊಡನೆ ಕೆಲಸ ನಿಂತಿತು. ಮುಂದುವರಿಸಬೇಕಾದರೆ ಖರ್ಚು ನೀವು ಕೊಡಿ ಎಂದರು ಇಂಗ್ಲಿಷರು, ನಾವು ಕೊಡಲಿಲ್ಲ. ಇದನ್ನು ಈಗ ಮಹಾಪರಾಧವೆಂದು ಬರೆಯುವವರಿದ್ದಾರೆ. 1957-58ರಲ್ಲಿ ದೇಶದ ವಿದೇಶಿ ವಿನಿಮಯದ ಭಂಡಾರ ಹೇಗೆ ಬರಿದಾಗಿತ್ತೆಂಬುದನ್ನು ನೆನೆದರೆ ನನಗೆ ಅಷ್ಟು ಖಡಾಖಂಡಿತವಾಗಿ ಹೇಳುವ ಧೈರ್ಯ ಬಾರದು. ನನ್ನ ದೂರು ಬೇರೆ: ರೆಕ್ಕೆಯನ್ನು ಎಪ್ಪತ್ತು ಸಲ ಆಕಾಶದಲ್ಲಿ ಪ್ರಶ್ನಿಸಿದವರು ಎಂಜಿನ್ನನ್ನು ಮಾತ್ರ ಮಾತಿನ ಮೇಲೆ ನಂಬಿದರು. ತಾನೇ ಪರೀಕ್ಷೆ ಮುಗಿಸದ ವಸ್ತುವಿನ ಮೇಲೆ ಇನ್ನೊಂದು ವಸ್ತುವಿನ ಪರೀಕ್ಷೆಯನ್ನು ನಿಲ್ಲಿಸಿದರು.

ಕೊನೆಗೆ ಕೈಗೆ ಬಂದದ್ದು ಮರುದಹನವಿಲ್ಲದ ಆರ್ಫಿಯಸ್ 703. ನೂಕುಬಲ 4,850 ಪೌಂಡು. ಎರಡೆರಡು ಎಂಜಿನ್ನಿದ್ದರೂ, ಶಬ್ದದ ಇಮ್ಮಡಿ ವೇಗಕ್ಕೆಂದು ಹುಟ್ಟಿದ ವಿಮಾನ ಶಬ್ದವೇಗದ ಹೊಸ್ತಿಲಲ್ಲೇ ನಿಂತುಬಿಟ್ಟಿತು.

ಮುಂದಿನ ಹತ್ತು ವರ್ಷ ಎಂಜಿನ್ನಿನ ಅನ್ವೇಷಣೆ. ಸೋವಿಯತ್ ರಷ್ಯದ್ದನ್ನು ನೋಡಿದರು, ಒಗ್ಗಲಿಲ್ಲ. ಆಗ ಸಿಕ್ಕ ದಾರಿ ಈಜಿಪ್ಟಿನದು. ಕೈರೋದ ಬಳಿಯ ಹೆಲ್ವಾನಿನಲ್ಲಿ ಇನ್ನೊಬ್ಬ ಜರ್ಮನ್ ವಿನ್ಯಾಸಕಾರ ಮೆಸ್ಸರ್‌ಶ್ಮಿಟ್ ಎಚ್.ಎ.-300 ಎಂಬ ವಿಮಾನ ರೂಪಿಸುತ್ತಿದ್ದ. ಆಸ್ಟ್ರಿಯದ ಬ್ರಾಂಡ್ನರ್ ಅದಕ್ಕೆ ಇ-300 ಎಂಬ ಎಂಜಿನ್ ತಯಾರಿಸುತ್ತಿದ್ದ. ಅವರಿಗೆ ಹಾರಿಸುವವರು ಬೇಕಾಗಿತ್ತು, ನಮಗೆ ಎಂಜಿನ್ ಬೇಕಾಗಿತ್ತು. 1964ರ ಮಾರ್ಚ್ 7ರಂದು ಈಜಿಪ್ಟಿನ ಆ ವಿಮಾನವನ್ನು ಮೊಟ್ಟಮೊದಲು ಹಾರಿಸಿದವರು ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ನಮ್ಮ ಒಂದು ಮಾರುತ ಅಲ್ಲಿಗೆ ಹೋಯಿತು. ಒಂದು ಕಡೆ ಹಳೆಯ ಆರ್ಫಿಯಸ್, ಇನ್ನೊಂದು ಕಡೆ ಹೊಸ ಇ-300. ಹೊಸದು ಕೈಕೊಟ್ಟರೂ ಹಳೆಯದು ಮನೆಗೆ ತಲುಪಿಸಬೇಕೆಂಬ ಜಾಣತನ. ಹೀಗೆ 1967ರ ಮಾರ್ಚಿನಲ್ಲಿ ಅದು ಹೆಲ್ವಾನಿನಲ್ಲಿ ಹಾರಿತು. ಆದರೆ ಅದೇ ಜೂನಿನಲ್ಲಿ ಇಸ್ರೇಲಿನೊಡನೆ ಯುದ್ಧವಾಗಿ ಈಜಿಪ್ಟು ಸೋತಿತು. 1969ರಲ್ಲಿ ಅವರು ವಿಮಾನವನ್ನೂ ಎಂಜಿನ್ನನ್ನೂ ಕೈಬಿಟ್ಟರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನಮ್ಮಲ್ಲಿ ಗಾದೆ. ಇಲ್ಲಿ ಕಡಲೆ ಬಾಯಿಗೆ ಬಂದು ಜಾರಿತು.

1967 ವಿಚಿತ್ರವಾದ ವರ್ಷ. ಏಪ್ರಿಲಿನಲ್ಲಿ ಮಾರುತಗಳ ಮೊದಲ ಪಡೆ ವಾಯುಸೇನೆಯಲ್ಲಿ ಸಿದ್ಧವಾಯಿತು. ಟ್ಯಾಂಕ್ ಭಾರತ ಬಿಟ್ಟದ್ದು ಅದೇ ವರ್ಷ. ಹತ್ತು ವರ್ಷ ಮೊದಲು ಬೇಕಾಗಿದ್ದ ಆ ದೊಡ್ಡ ಗಾಳಿ ಸುರಂಗ ಬೆಂಗಳೂರಿನಲ್ಲಿ ಉಸಿರಾಡತೊಡಗಿದ್ದೂ ಅದೇ ವರ್ಷ.

ಉಳಿದದ್ದು ಒಂದೇ ದಾರಿ: ಇರುವ ಆರ್ಫಿಯಸ್ಸಿಗೇ ಮರುದಹನವನ್ನು ನಾವೇ ಅಳವಡಿಸುವುದು. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ ಇದಕ್ಕೆ ಕೈಹಾಕಿ, ನೂಕುಬಲವನ್ನು ಶೇಕಡಾ 18ರಷ್ಟು ಹೆಚ್ಚಿಸಿತು. ಕೈತುಂಬ ಸಾಮಗ್ರಿಯಿಲ್ಲದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಉರಿಯುವ ಕೊಳವೆ ದಪ್ಪ. ಅದಕ್ಕಾಗಿ ವಿಮಾನದ ಹಿಂಭಾಗವನ್ನೂ ದಪ್ಪ ಮಾಡಬೇಕಾಯಿತು. ಹಿಂಭಾಗ ಮೊಂಡಾದರೆ ಅದರ ಹಿಂದೆ ಗಾಳಿ ತೆರಪಾಗಿ ವಿಮಾನವನ್ನು ಹಿಂದಕ್ಕೆ ಹೀರುತ್ತದೆ. ಬಲಗೈಯಲ್ಲಿ ಸಿಕ್ಕ ಲಾಭದ ಬಹುಪಾಲನ್ನು ಎಡಗೈ ಕಸಿದುಕೊಂಡಿತು. ಪರೀಕ್ಷೆ ಇದನ್ನೂ ಮುಚ್ಚುಮರೆಯಿಲ್ಲದೆ ಹೇಳಿತು.

ಈ ಮರುದಹನದ ಮಾರುತವನ್ನು ಪರೀಕ್ಷಿಸುತ್ತಿದ್ದವರೂ ಸುರಂಜನ್ ದಾಸರೇ. ಮೊದಲ ದಿನದಿಂದ ಆ ವಿಮಾನದ ಸಂಗಡ ಇದ್ದವರು. ಆಗ ಗ್ರೂಪ್ ಕ್ಯಾಪ್ಟನ್. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ನೆಲ ಬಿಟ್ಟೇಳುವ ಹೊತ್ತಿನಲ್ಲೇ ವಿಮಾನ ಕೆಳಗೆ ಬಿತ್ತು. ಅವರು ಉಳಿಯಲಿಲ್ಲ. ಹಳೆಯ ಮದ್ರಾಸು ರಸ್ತೆಯಿಂದ ವಿಮಾನಪುರದ ಕಡೆಗೆ ಹೋಗುವ ರಸ್ತೆಗೆ ಅವರ ಹೆಸರಿದೆ. ಆ ದಾರಿಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ; ಯಾರೋ ಬಂಗಾಳದ ದೇಶಭಕ್ತರಿರಬೇಕೆಂದು ಭಾವಿಸಿದ್ದೆ. ಪರೀಕ್ಷೆ ಎಂಬ ಮಾತನ್ನು ನಾವು ಮೇಷ್ಟ್ರುಗಳು ಎಷ್ಟು ಹಗುರವಾಗಿ ಬಳಸುತ್ತೇವೆ! ನಮ್ಮಲ್ಲಿ ತಪ್ಪು ಉತ್ತರಕ್ಕೆ ಕೆಂಪು ಶಾಯಿ.

ಮಾರುತ ನಪಾಸಾಯಿತೆಂದು ಒಂದೇ ಮಾತಿನಲ್ಲಿ ಹೇಳಿಬಿಡುವವರೊಡನೆ ನಾನು ಸೇರಲಾರೆ. ಶತ್ರುವಿಮಾನವನ್ನು ಅಟ್ಟಿಸಿಕೊಂಡು ಹೋಗುವ ಕೆಲಸಕ್ಕೆ ಒದಗದಿದ್ದರೂ, ನೆಲಕ್ಕೆ ಹತ್ತಿರವಾಗಿ ಹಾರಿ ಸೈನ್ಯಕ್ಕೆ ಬೆಂಬಲ ಕೊಡುವ ಕೆಲಸಕ್ಕೆ ಅದು ಒದಗಿತು. ದೋಷಗಳಿದ್ದವು, ನಾಲ್ಕೂ ತೋಪುಗಳನ್ನು ಒಟ್ಟಿಗೆ ಹಾರಿಸಿದರೆ ಮೈಯೆಲ್ಲ ಅದುರಿ ಬೇರೆ ಉಪದ್ರವಗಳಾಗುತ್ತಿದ್ದವು. ಆದರೂ 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅವು ದಿನದಿನವೂ ಹೋಗಿ ಬಂದವು. ಕೆಳಗಿನಿಂದ ಬಂದ ಗುಂಡಿಗೆ ಒಂದು ಎಂಜಿನ್ ಆಹುತಿಯಾದಾಗ ಇನ್ನೊಂದರ ಬಲದಿಂದಲೇ ಮನೆ ಸೇರಿದ ಮಾರುತಗಳುಂಟು. ಒಟ್ಟು 147 ತಯಾರಾದವು. 1990ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಸರಿದವು.

ಮತ್ತೊಂದು ಭಾರತೀಯ ಯುದ್ಧವಿಮಾನ, ತೇಜಸ್, ಹಾರಿದ್ದು 2001ರ ಜನವರಿ 4ರಂದು, ಅದೇ ಬೆಂಗಳೂರಿನಿಂದ. ಮಾರುತನಿಂದ ತೇಜಸ್ಸಿಗೆ ನಲವತ್ತು ವರ್ಷ. ಒಬ್ಬ ವಿನ್ಯಾಸಕಾರ ಕೆಲಸಕ್ಕೆ ಸೇರಿ ನಿವೃತ್ತನಾಗುವಷ್ಟು ಕಾಲ. ಕೈಯಿಂದ ಕೈಗೆ ಕಲಿಸುವವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ. ತೇಜಸ್ಸಿನ ಎಂಜಿನ್ ಅಮೆರಿಕದ್ದು. ಅದಕ್ಕೆಂದೇ ಬೆಂಗಳೂರಿನಲ್ಲಿ ಆರಂಭಿಸಿದ ಕಾವೇರಿ ಎಂಜಿನ್ ಆ ವಿಮಾನವನ್ನು ಸೇರಲಿಲ್ಲ. ಇದನ್ನು ಕೇಳಿದಾಗ ಎದುರು ಮನೆಯವರು, "ಅಲ್ಲೇ ಇದೆ ನೋಡಿ ಗಂಟು" ಎಂದರು. ಹೆಚ್ಚಿಗೆ ಹೇಳಲಿಲ್ಲ.

ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಮಾರುತವನ್ನು ನೋಡಬಹುದು. ಹಿಂದಿನ ವರ್ಷ ನಮ್ಮ ಕಾಲೇಜಿನ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರೂ ಮೂಗಿನ ಕಡೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಬಾಲದ ಕಡೆ ಹೋಗಿ ಆ ಎರಡು ಕೊಳವೆಗಳನ್ನು ನೋಡುತ್ತ ನಿಂತೆ. ಒಬ್ಬ ಹುಡುಗ ಹಿಂದೆಯೇ ಬಂದು, "ಇದು ನಿಜವಾಗಿ ಹಾರ್ತಿತ್ತಾ ಸರ್?" ಎಂದು ಕೇಳಿದ. ಹಾರುತ್ತಿತ್ತು ಎಂದೆ. ಇದಕ್ಕೆ ಮೊದಲು ಮರದ್ದೊಂದಿತ್ತು, ಅದೂ ಹಾರುತ್ತಿತ್ತು ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಊರಿಗೆ ಮರಳಿದ ಸಂಜೆ ಎದುರು ಮನೆಯವರಿಗೆ ಇದನ್ನೆಲ್ಲ ಹೇಳಿದೆ. ಕೇಳಿ ನಕ್ಕು, "ಸರಿ ಮೇಷ್ಟ್ರೇ, ಅಂಕ ಎಷ್ಟು ಕೊಡ್ತೀರಿ ನಮಗೆ?" ಎಂದರು. ನಾನು ಲೆಕ್ಕ ಹಾಕುತ್ತಿರುವಾಗಲೇ ಅವರು ಕೋಲೂರಿಕೊಂಡು ಕನಕದಾಸನಗರದ ಕಡೆಗೆ ವಾಯುಸೇವನೆಗೆ ಹೊರಟುಬಿಟ್ಟರು.